ಆಮೆಗೊಂದು ಮನೆ, ಮನೆಯೊಳಗೊಂದು ಸೂರ್ಯ

“ಮಗಾ, ಎರಡೇ ವಾರ ನೋಡ್ಕೋ. ಆಮೇಲೆ ಏನಾದ್ರೂ ವ್ಯವಸ್ಥೆ ಮಾಡ್ತೀನಿ” ಅಂತ ನನ್ನ ರೂಮ್‌ಮೇಟ್ ಹೇಳಿ ಐದು ವರ್ಷ ಆಯ್ತು. ಅವನು ಜರ್ಮನಿಯಲ್ಲಿ ಸೆಟ್ಲ್ ಆದ. ಅವನು ಬಿಟ್ಟುಹೋದ ಆಮೆ ಬೆಂಗಳೂರಿನ ನನ್ನ ಬಾಡಿಗೆ ಮನೆಯಲ್ಲಿ ಸೆಟ್ಲ್ ಆಯ್ತು.

ಆಮೆಯ ಹೆಸರು ಬೋಂಡ. ಅವನ ಹುಟ್ಟುಹಬ್ಬಕ್ಕೆ ಆಫೀಸಿನವರು ಕೊಟ್ಟ ಗಿಫ್ಟು ಅದು. ತಂದಾಗ ಹತ್ತು ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ದೊಡ್ಡದಿತ್ತಂತೆ. ಅದರ ಜೊತೆ ಒಂದು ಪ್ಲಾಸ್ಟಿಕ್ ಡಬ್ಬಿ, ಡಬ್ಬಿಯೊಳಗೆ ಪ್ಲಾಸ್ಟಿಕ್ ತೆಂಗಿನಮರ, ಬಣ್ಣಬಣ್ಣದ ಸಣ್ಣ ಕಲ್ಲು, ಎರಡು ಬೆರಳು ನೀರು, ಒಂದು ಪ್ಯಾಕೆಟ್ ಒಣ ಸೀಗಡಿ. ಅಂಗಡಿಯವನು ಹೇಳಿ ಕಳಿಸಿದ್ದನಂತೆ: “ಇದು ಇಷ್ಟೇ ಸೈಜ್ ಇರುತ್ತೆ ಸಾರ್, ಮೇಂಟೆನೆನ್ಸ್ ಏನೂ ಇಲ್ಲ.”

ಒಂದೇ ವಾಕ್ಯದಲ್ಲಿ ಎರಡು ಸುಳ್ಳು. ಅದು ನನಗೆ ಗೊತ್ತಾಗೋಕೆ ಒಂದು ವರ್ಷ ಬೇಕಾಯ್ತು. ಆ ಒಂದು ವರ್ಷದ ಲೆಕ್ಕ ಬೋಂಡನ ಚಿಪ್ಪಿನ ಮೇಲೆ ಇವತ್ತಿಗೂ ಕಾಣುತ್ತೆ.

ಚಿಪ್ಪು ಮೆತ್ತಗಾದ ದಿನ

ನಾನು ಬೋಂಡನನ್ನು ಚೆನ್ನಾಗೇ ನೋಡ್ಕೋತಿದ್ದೀನಿ ಅಂದ್ಕೊಂಡಿದ್ದೆ. ದಿನಾ ಸೀಗಡಿ ಹಾಕ್ತಿದ್ದೆ. ಎರಡು ದಿನಕ್ಕೊಮ್ಮೆ ನೀರು ಬದಲಾಯಿಸ್ತಿದ್ದೆ. ಡಬ್ಬಿ ಕಿಟಕಿ ಪಕ್ಕ ಇಟ್ಟಿದ್ದೆ, ಬಿಸಿಲು ಬೀಳಲಿ ಅಂತ. ವರ್ಕ್ ಫ್ರಮ್ ಹೋಮ್ ಇದ್ದ ದಿನ ಲ್ಯಾಪ್‌ಟಾಪ್ ಪಕ್ಕದಲ್ಲೇ ಇರುತ್ತಿತ್ತು. ಅದರ ಫೋಟೋಗಳಿಗೆ ನನ್ನ ಫೋಟೋಗಳಿಗಿಂತ ಜಾಸ್ತಿ ಲೈಕ್ ಬರುತ್ತಿತ್ತು.

ಒಂದು ಭಾನುವಾರ ನೀರು ಬದಲಾಯಿಸುವಾಗ ಬೋಂಡನನ್ನು ಎತ್ತಿದೆ. ಚಿಪ್ಪಿನ ಅಂಚು ಬೆರಳಿಗೆ ಬಗ್ಗಿತು. ಹಳೇ ಪ್ಲಾಸ್ಟಿಕ್ ಮುಚ್ಚಳ ಒತ್ತಿದ ಹಾಗೆ. ಕಣ್ಣು ಎರಡೂ ಊದಿ ಮುಚ್ಚಿಕೊಂಡಿದ್ದವು. ಆಗ ನೆನಪಾಯ್ತು, ಮೂರು ದಿನದಿಂದ ಸೀಗಡಿ ಹಾಗೇ ತೇಲುತ್ತಿತ್ತು.

ನಾಯಿ, ಬೆಕ್ಕು ನೋಡುವ ಡಾಕ್ಟರ್ ಬೇಕಾದಷ್ಟಿದ್ದಾರೆ. ಆಮೆ ನೋಡುವವರನ್ನು ಹುಡುಕೋಕೆ ಅರ್ಧ ದಿನ ಹೋಯ್ತು. ಕೊನೆಗೆ ಸಿಕ್ಕ ಡಾಕ್ಟರ್ ಮೇಡಂ ಬೋಂಡನನ್ನು ನೋಡೋಕೆ ಮುಂಚೆ ನನ್ನನ್ನು ಮೂರು ಪ್ರಶ್ನೆ ಕೇಳಿದರು. “ಯುವಿಬಿ ಲೈಟ್ ಇದೆಯಾ? ನೀರು ಎಷ್ಟು ಆಳ ಇದೆ? ತಿನ್ನೋಕೆ ಏನು ಕೊಡ್ತೀರಿ?”

ನನ್ನ ಉತ್ತರ ಕೇಳಿ ಅವರು ಬೈಯಲಿಲ್ಲ. “ನಿಮ್ಮ ಆಮೆಗೆ ಇಂಜೆಕ್ಷನ್ ಕೊಡ್ತೀನಿ. ಆದ್ರೆ ಕಾಯಿಲೆ ಇರೋದು ಅದರ ಮನೆಗೆ. ಅದನ್ನ ನೀವೇ ರಿಪೇರಿ ಮಾಡ್ಬೇಕು” ಅಂದರು.

ಮೊದಲು ಇದು ಯಾರು ಅಂತ ತಿಳ್ಕೊಳ್ಳಿ

ನಮ್ಮ ಪೆಟ್ ಅಂಗಡಿಗಳಲ್ಲಿ ಸಾಮಾನ್ಯವಾಗಿ ಸಿಗುವ ಈ ಆಮೆಯ ಹೆಸರು ರೆಡ್ ಇಯರ್ಡ್ ಸ್ಲೈಡರ್. ಕಣ್ಣಿನ ಹಿಂದೆ ಕೆಂಪು ಪಟ್ಟಿ ಇರುತ್ತೆ, ಅದಕ್ಕೆ ಆ ಹೆಸರು. ಅಪಾಯ ಕಂಡರೆ ದಡದಿಂದ ಸರ್ರನೆ ನೀರಿಗೆ ಜಾರುವುದರಿಂದ ಸ್ಲೈಡರ್. ಮೂಲ ಊರು ಅಮೆರಿಕದ ಮಿಸಿಸಿಪ್ಪಿ ನದಿಯ ಸುತ್ತಮುತ್ತಲಿನ ಕೆರೆ, ಕೊಳ್ಳ.

ಅಲ್ಲಿ ಇದರ ದಿನಚರಿ ಎರಡೇ: ನೀರಿನಲ್ಲಿ ಈಜಿ ಹೊಟ್ಟೆ ತುಂಬಿಸಿಕೊಳ್ಳೋದು, ಮರದ ದಿಮ್ಮಿ ಮೇಲೆ ಹತ್ತಿ ಗಂಟೆಗಟ್ಟಲೆ ಬಿಸಿಲು ಕಾಯಿಸಿಕೊಳ್ಳೋದು. ಹೆಣ್ಣು 25ರಿಂದ 30 ಸೆಂಟಿಮೀಟರ್ ತನಕ ಬೆಳೆಯುತ್ತೆ, ಅಂದರೆ ಊಟದ ತಟ್ಟೆಯಷ್ಟು. ಚೆನ್ನಾಗಿ ನೋಡಿಕೊಂಡರೆ 30 ವರ್ಷವೂ ಬದುಕುತ್ತೆ. ನನ್ನ ಹೋಮ್ ಲೋನ್‌ಗಿಂತ ದೀರ್ಘ ಅವಧಿ!

ಇಷ್ಟು ಓದಿದ ಮೇಲೆ ನನ್ನ ತಪ್ಪು ನನಗೇ ಕಾಣಿಸಿತು. ಡಬ್ಬಿಯಲ್ಲಿದ್ದ ತೆಂಗಿನಮರ, ಬಣ್ಣದ ಕಲ್ಲು, ಇವೆಲ್ಲ ನೋಡುವ ನನಗೋಸ್ಕರ ಇದ್ದವು. ಒಳಗಿರೋ ಯೂಸರ್‌ಗೆ ಬೇಕಾದ ಒಂದೇ ಒಂದು ಫೀಚರ್ ಕೂಡ ಇರಲಿಲ್ಲ.

ಡಾಕ್ಟರ್ ಕೊಟ್ಟ ಔಷಧಿ ನಡೆಯುತ್ತಿದ್ದಾಗಲೇ ಹೊಸ ಮನೆಯ ಡಿಸೈನ್ ಶುರು ಮಾಡಿದೆ.

ನೀರು: ಇವತ್ತಿನ ಆಮೆಗಲ್ಲ, ನಾಳೆಯ ಆಮೆಗೆ

ಆಮೆ ಸಾಕುವವರು ಪಾಲಿಸುವ ಒಂದು ಸರಳ ಲೆಕ್ಕ ಇದೆ: ಚಿಪ್ಪಿನ ಉದ್ದ ಎಷ್ಟು ಸೆಂಟಿಮೀಟರೋ, ಒಂದೊಂದಕ್ಕೂ ಸುಮಾರು 15 ಲೀಟರ್ ನೀರು. ಬೋಂಡ ಆಗ 10 ಸೆಂ.ಮೀ. ಇತ್ತು. ಲೆಕ್ಕದ ಪ್ರಕಾರ 150 ಲೀಟರ್ ಸಾಕು. ಆದರೆ ಅದು 25 ಆದಾಗ 375 ಲೀಟರ್ ಬೇಕು. ಎರಡೆರಡು ವರ್ಷಕ್ಕೆ ಟ್ಯಾಂಕ್ ಬದಲಾಯಿಸುವ ಬದಲು ಒಂದೇ ಸಲ ದೊಡ್ಡದು ತಗೊಂಡೆ: ನಾಲ್ಕು ಅಡಿ ಉದ್ದ, ಎರಡು ಅಡಿ ಅಗಲ, ಎರಡು ಅಡಿ ಎತ್ತರದ ಸೆಕೆಂಡ್ ಹ್ಯಾಂಡ್ ಗಾಜಿನ ಟ್ಯಾಂಕ್.

ನೀರಿನ ಆಳ ಚಿಪ್ಪಿನ ಉದ್ದದ ಎರಡು ಪಟ್ಟಾದರೂ ಇರಲಿ. ಮಗುಚಿಬಿದ್ದರೆ ತಿರುಗಿ ಏಳೋಕೆ ಜಾಗ ಬೇಕು. ಮುಳುಗಿಹೋಗುತ್ತೆ ಅಂತ ಎರಡು ಬೆರಳು ನೀರಲ್ಲಿ ಇಡ್ತೀವಲ್ಲ, ಆರೋಗ್ಯವಾಗಿರೋ ಸ್ಲೈಡರ್‌ಗೆ ಅದು ಬಚ್ಚಲಲ್ಲಿ ಈಜು ಕಲಿಸಿದ ಹಾಗೆ. ಕಾಯಿಲೆಯಿಂದ ಸುಸ್ತಾಗಿದ್ದಾಗ ಮಾತ್ರ ಆಳ ಕಡಿಮೆ ಇರಬೇಕು. ಹಾಗಾಗಿ ಬೋಂಡ ಚೇತರಿಸಿಕೊಳ್ಳುವ ತನಕ ಒಂದು ಅಗಲವಾದ ಟಬ್‌ನಲ್ಲೇ ಇತ್ತು.

ಬಾಡಿಗೆ ಮನೆಯವರು ಇಲ್ಲಿ ಒಂದು ಲೆಕ್ಕ ಮರೀಬೇಡಿ. ಒಂದು ಲೀಟರ್ ನೀರು ಅಂದರೆ ಒಂದು ಕೆಜಿ. ನನ್ನ ಟ್ಯಾಂಕಿನಲ್ಲಿ 40 ಸೆಂ.ಮೀ. ನೀರು ತುಂಬಿದರೆ 288 ಕೆಜಿ. ಗಾಜು, ಸ್ಟ್ಯಾಂಡ್ ಎಲ್ಲಾ ಸೇರಿ 400ರ ಹತ್ತಿರ. ಸಿವಿಲ್ ಓದಿದ ಗೆಳೆಯನನ್ನು ಕರೆಸಿ ತೋರಿಸಿ, ಅವನು ಹೇಳಿದ ಕಡೆ ಕಂಬದ ಪಕ್ಕ, ಗೋಡೆಗೆ ಒತ್ತಿ ಇಟ್ಟೆ. ಸ್ಟ್ಯಾಂಡ್ ಮಹಡಿ ಹತ್ತುವಾಗ ಓನರ್ ಅಂಕಲ್ ಕೇಳಿದರು, “ಏನಪ್ಪಾ, ಮೀನಿನ ಅಂಗಡಿ ಇಡ್ತೀಯಾ?”

ಇನ್ನು ಬಣ್ಣದ ಸಣ್ಣ ಕಲ್ಲು ತೆಗೆದುಬಿಡಿ. ಆಮೆ ಅದನ್ನು ನುಂಗುತ್ತೆ, ಕರುಳಲ್ಲಿ ಸಿಕ್ಕಿಕೊಳ್ಳುತ್ತೆ. ತಳ ಖಾಲಿ ಇದ್ದರೆ ಒಳ್ಳೇದು, ಗುಡಿಸೋಕೂ ಸುಲಭ. ಕಲ್ಲು ಬೇಕೇಬೇಕು ಅಂದರೆ ಆಮೆಯ ತಲೆಗಿಂತ ದೊಡ್ಡದಿರಲಿ.

ಫಿಲ್ಟರ್: ಕಾಣದ ಕೆಲಸಗಾರರು

ಆಮೆ ಊಟ ಮಾಡೋದೂ ನೀರಲ್ಲೇ, ಕಕ್ಕ ಮಾಡೋದೂ ನೀರಲ್ಲೇ. ಮೀನಿಗಿಂತ ಎಷ್ಟೋ ಹೆಚ್ಚು ಗಲೀಜು ಮಾಡುತ್ತೆ. ಅದರಿಂದ ಅಮೋನಿಯಾ ಹುಟ್ಟುತ್ತೆ. ನೀರು ಕನ್ನಡಿ ಹಾಗೆ ತಿಳಿಯಾಗಿ ಕಂಡರೂ ಅಮೋನಿಯಾ ಇರಬಹುದು. ಅದು ಕಣ್ಣು, ಚರ್ಮ ಸುಡುತ್ತೆ.

ಇದಕ್ಕೆ ಪರಿಹಾರ ಬ್ಯಾಕ್ಟೀರಿಯಾ. ಫಿಲ್ಟರಿನ ಸ್ಪಂಜಿನಲ್ಲಿ ಮನೆ ಮಾಡುವ ಒಂದು ಬಗೆಯ ಬ್ಯಾಕ್ಟೀರಿಯಾ ಅಮೋನಿಯಾವನ್ನು ನೈಟ್ರೈಟ್ ಮಾಡುತ್ತೆ, ಇನ್ನೊಂದು ಬಗೆ ಆ ನೈಟ್ರೈಟನ್ನು ಅಷ್ಟು ಅಪಾಯವಿಲ್ಲದ ನೈಟ್ರೇಟ್ ಮಾಡುತ್ತೆ. ಈ ಸೈನ್ಯ ತಯಾರಾಗೋಕೆ ನಾಲ್ಕರಿಂದ ಆರು ವಾರ ಹಿಡಿಯುತ್ತೆ. ಅಲ್ಲಿಯತನಕ ಟೆಸ್ಟ್ ಕಿಟ್ ಇಟ್ಕೊಂಡು ನೀರು ಪರೀಕ್ಷಿಸಿ, ಪದೇ ಪದೇ ಸ್ವಲ್ಪ ಸ್ವಲ್ಪ ಬದಲಾಯಿಸ್ತಾ ಇರಬೇಕು.

ಇಲ್ಲಿ ನಾನು ಮಾಡಿದ ತಪ್ಪು ಕೇಳಿ. ಮೊದಲ ತಿಂಗಳು ಶ್ರದ್ಧೆಯಿಂದ ಸ್ಪಂಜನ್ನು ನಲ್ಲಿ ಕೆಳಗೆ ಹಿಡಿದು ತಿಕ್ಕಿ ತಿಕ್ಕಿ ತೊಳೆದೆ. ನಲ್ಲಿ ನೀರಿನ ಕ್ಲೋರಿನ್‌ಗೆ ಸೈನ್ಯ ಪೂರ್ತಿ ಸತ್ತುಹೋಯ್ತು. ಮತ್ತೆ ಮೊದಲಿಂದ ಶುರು. ಸ್ಪಂಜನ್ನು ಟ್ಯಾಂಕಿನಿಂದಲೇ ತೆಗೆದ ಒಂದು ಬಕೆಟ್ ನೀರಿನಲ್ಲಿ ಅದ್ದಿ ಹಿಂಡಿದರೆ ಸಾಕು. ಹೊಸ ನೀರಿಗೆ ಕ್ಲೋರಿನ್ ತೆಗೆಯುವ ದ್ರಾವಣ ಹಾಕಿ.

ಮೀನಿನ ಟ್ಯಾಂಕಿನ ಪುಟ್ಟ ಫಿಲ್ಟರ್ ಇಲ್ಲಿ ಸಾಲದು. ನಿಮ್ಮಲ್ಲಿರುವ ನೀರಿಗಿಂತ ಕನಿಷ್ಠ ಎರಡು ಪಟ್ಟು ನೀರಿಗೆ ಅಂತ ಬರೆದಿರುವ ಕ್ಯಾನಿಸ್ಟರ್ ಫಿಲ್ಟರ್ ತಗೊಳ್ಳಿ. ಕರೆಂಟು ಹೋಗಿ ಗಂಟೆಗಟ್ಟಲೆ ನಿಂತರೆ ಆಮ್ಲಜನಕ ಇಲ್ಲದೆ ಬ್ಯಾಕ್ಟೀರಿಯಾ ಸಾಯುತ್ತವೆ. ಅದಕ್ಕೇ ನಮ್ಮನೆ ಇನ್ವರ್ಟರ್‌ನಲ್ಲಿ ಟಿವಿ ಪಾಯಿಂಟ್ ತೆಗೆದು ಫಿಲ್ಟರ್‌ಗೆ ಕೊಟ್ಟೆ.

ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಾಯಿಸ್ತೀನಿ. ಆ ಹಳೇ ನೀರು ಬಾಲ್ಕನಿಯ ಹೂಗಿಡಗಳಿಗೆ ಒಳ್ಳೇ ಗೊಬ್ಬರ. ಕೊತ್ತಂಬರಿ, ಪುದೀನಕ್ಕೆ ಮಾತ್ರ ಹಾಕಬೇಡಿ. ಯಾಕೆ ಅಂತ ಮುಂದೆ ಹೇಳ್ತೀನಿ.

ಜಗಲಿ ಮತ್ತು ಸೂರ್ಯ

ಇದೇ ಬೋಂಡನ ಜೀವ ಉಳಿಸಿದ್ದು, ಇದೇ ನನಗೆ ಗೊತ್ತಿಲ್ಲದೇ ಇದ್ದದ್ದು.

ಚಿಪ್ಪು ಅಂದರೆ ಆಮೆ ಬೆನ್ನ ಮೇಲೆ ಹೊತ್ತ ಪೆಟ್ಟಿಗೆಯಲ್ಲ. ಬೆನ್ನುಮೂಳೆ, ಪಕ್ಕೆಲುಬು ಎಲ್ಲ ಸೇರಿ ಆದ ಮೂಳೆಯೇ ಅದು. ಬಿಸಿಲಿನ ಯುವಿಬಿ ಕಿರಣ ಮೈಮೇಲೆ ಬಿದ್ದಾಗ ಆಮೆಯ ದೇಹದಲ್ಲಿ ವಿಟಮಿನ್ ಡಿ3 ತಯಾರಾಗುತ್ತೆ. ಡಿ3 ಇಲ್ಲದಿದ್ದರೆ ತಿಂದ ಕ್ಯಾಲ್ಸಿಯಂ ಸರಿಯಾಗಿ ಮೈಗೆ ಹತ್ತೋದಿಲ್ಲ. ಆಗ ದೇಹ ತನ್ನ ಮೂಳೆಯಿಂದಲೇ ಕ್ಯಾಲ್ಸಿಯಂ ಸಾಲ ತಗೊಳ್ಳುತ್ತೆ. ಹಾಗೇ ಚಿಪ್ಪು ಮೆತ್ತಗಾಗುತ್ತೆ.

“ಆದ್ರೆ ನಾನು ಕಿಟಕಿ ಪಕ್ಕಾನೇ ಇಟ್ಟಿದ್ದೆ ಡಾಕ್ಟ್ರೇ” ಅಂದಿದ್ದೆ ಅವತ್ತು. “ಕಿಟಕಿ ಗಾಜು ತೆಗೆದಿದ್ರಾ?” ಅಂದರು. ಮಾಮೂಲಿ ಕಿಟಕಿ ಗಾಜು ಬೆಳಕನ್ನು ಬಿಡುತ್ತೆ, ಬಿಸಿಯನ್ನೂ ಬಿಡುತ್ತೆ, ಯುವಿಬಿಯನ್ನು ಮಾತ್ರ ಬಹುಪಾಲು ತಡೆದುಬಿಡುತ್ತೆ. ಬಿಸಿಲಿಗೆ ಬರವಿಲ್ಲದ ಊರಲ್ಲಿ, ಬಿಸಿಲು ಕಾಣುವ ಜಾಗದಲ್ಲೇ ಕೂತು ನನ್ನ ಆಮೆ ಬಿಸಿಲಿಲ್ಲದೆ ಒಣಗಿತ್ತು.

ಹಾಗಾಗಿ ಎರಡು ಲೈಟು ಬೇಕು. ಒಂದು ಬಿಸಿಗೆ, ಇನ್ನೊಂದು ಯುವಿಬಿಗೆ. ಎರಡರ ಕೆಳಗೂ ನೀರಿನಿಂದ ಪೂರ್ತಿ ಮೇಲೆದ್ದು ಒಣಗಿ ಕೂರುವಂಥ ಜಗಲಿ. ನಾನು ಪಿವಿಸಿ ಪೈಪು, ಪ್ಲಾಸ್ಟಿಕ್ ಜಾಲರಿ, ಕೇಬಲ್ ಟೈ ಬಳಸಿ ಟ್ಯಾಂಕಿನ ಮೇಲ್ಭಾಗದಲ್ಲಿ ಕಟ್ಟಿದೆ. ಹತ್ತೋಕೆ ಒಂದು ಇಳಿಜಾರು, ಜಾರದ ಹಾಗೆ ಅದರ ಮೇಲೆ ಒರಟು ಮ್ಯಾಟು. ಜಗಲಿ ಮೇಲಿದ್ದರೆ ಇನ್ನೊಂದು ಲಾಭ: ಕೆಳಗೆ ಈಜುವ ಜಾಗ ಕಡಿಮೆಯಾಗಲ್ಲ.

ಜಗಲಿಯ ಮೇಲೆ 32ರಿಂದ 35 ಡಿಗ್ರಿ, ನೀರು 24ರಿಂದ 27 ಡಿಗ್ರಿ. ಅಂದಾಜು ಬೇಡ, ಎರಡು ಥರ್ಮಾಮೀಟರ್ ಇಡಿ. ಬೆಂಗಳೂರಿನ ಡಿಸೆಂಬರ್ ರಾತ್ರಿಗಳಿಗೆ ನೀರಿನ ಹೀಟರ್ ಬೇಕಾಗುತ್ತೆ; ಗಾಜಿನ ಹೀಟರ್ ಆದರೆ ಸುತ್ತ ಪ್ಲಾಸ್ಟಿಕ್ ಕವಚ ಇರಲಿ, ಇಲ್ಲದಿದ್ದರೆ ಆಮೆ ಗುದ್ದಿ ಒಡೆಯುತ್ತೆ. ಯುವಿಬಿ ಟ್ಯೂಬು ಮತ್ತು ಆಮೆಯ ನಡುವೆ ಗಾಜು, ಪ್ಲಾಸ್ಟಿಕ್ ಏನೂ ಇರಬಾರದು. ದೂರ ಎಷ್ಟಿರಬೇಕು ಅಂತ ಟ್ಯೂಬಿನ ಪೆಟ್ಟಿಗೆ ಮೇಲೆ ಬರೆದಿರುತ್ತೆ, ಅದನ್ನೇ ಪಾಲಿಸಿ. ದಿನಕ್ಕೆ 10ರಿಂದ 12 ಗಂಟೆ, ಟೈಮರ್ ಹಾಕಿಬಿಡಿ.

ಒಂದು ಮುಖ್ಯ ವಿಷಯ: ಟ್ಯೂಬು ಉರಿಯುತ್ತಿದೆ ಅಂದ ಮಾತ್ರಕ್ಕೆ ಯುವಿಬಿ ಬರ್ತಿದೆ ಅಂತಲ್ಲ. ಬೆಳಕು ಹಾಗೇ ಇದ್ದು ಯುವಿಬಿ ಕುಂದುತ್ತಾ ಹೋಗುತ್ತೆ. ಟ್ಯೂಬಿನ ಬಗೆ ನೋಡಿ ಆರರಿಂದ ಹನ್ನೆರಡು ತಿಂಗಳಿಗೆ ಬದಲಾಯಿಸಬೇಕು. ನನ್ನ ಕ್ಯಾಲೆಂಡರಿನಲ್ಲಿ ಅದಕ್ಕೊಂದು ರಿಮೈಂಡರ್ ಇದೆ.

ನಿಜವಾದ ಬಿಸಿಲು ಕೊಡಬಾರದಾ? ಕೊಡಬಹುದು. ಆದರೆ ಗಾಜಿನ ಟ್ಯಾಂಕನ್ನೇ ಬಿಸಿಲಿಗೆ ಇಟ್ಟರೆ ನೀರು ಕಾದು ಆಮೆ ಬೆಂದುಹೋಗಬಹುದು. ಅರ್ಧ ನೆರಳಿರುವ ಟಬ್‌ನಲ್ಲಿ, ನೀವು ಪಕ್ಕದಲ್ಲೇ ಕೂತಿರಬೇಕು. ಮೇಲೆ ಹದ್ದು, ಕೆಳಗೆ ಮೂರು ಮಹಡಿ, ಎರಡೂ ನೆನಪಿರಲಿ.

ಊಟ, ಮತ್ತು ಕೈ ತೊಳೆಯೋದು

ಬೋಂಡನ ಕಣ್ಣು ಊದಿದ್ದಕ್ಕೆ ಕಾರಣ ವಿಟಮಿನ್ ಎ ಕೊರತೆ. ಬರೀ ಒಣ ಸೀಗಡಿ ತಿನ್ನಿಸೋದು ಮಗುವಿಗೆ ಮೂರು ಹೊತ್ತೂ ಚಿಪ್ಸ್ ಕೊಟ್ಟ ಹಾಗೆ. ಮರಿ ಆಮೆಗೆ ಪ್ರೋಟೀನ್ ಜಾಸ್ತಿ ಬೇಕು. ಬೆಳೀತಾ ಸೊಪ್ಪಿನ ಪಾಲು ಹೆಚ್ಚಬೇಕು. ಆಮೆಗೆಂದೇ ಮಾಡಿದ ಒಳ್ಳೇ ಪೆಲೆಟ್, ಅದರ ಜೊತೆ ರೊಮೇನ್ ಲೆಟ್ಯೂಸ್, ದಾಸವಾಳದ ಹೂವು-ಎಲೆ, ತುರಿದ ಕ್ಯಾರೆಟ್. ಪಾಲಕ್ ದಿನಾ ಬೇಡ, ಅದರ ಆಕ್ಸಾಲಿಕ್ ಆಮ್ಲ ಕ್ಯಾಲ್ಸಿಯಂ ಹಿಡಿದಿಟ್ಟುಕೊಳ್ಳುತ್ತೆ. ಗಿಳಿ ಪಂಜರಕ್ಕೆ ಕಟ್ಟುವ ಕಟಲ್ ಬೋನ್ ಒಂದು ತುಂಡು ನೀರಿಗೆ ಹಾಕಿದರೆ ಕ್ಯಾಲ್ಸಿಯಂಗೆ ಅದನ್ನೇ ಕಡಿಯುತ್ತೆ.

ಈಗ ಕೊತ್ತಂಬರಿ ವಿಷಯ. ಆರೋಗ್ಯವಾಗಿ ಕಾಣುವ ಆಮೆಯ ಮೈಮೇಲೂ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು. ಮಕ್ಕಳು ಪುಟ್ಟ ಆಮೆಗಳನ್ನು ಬಾಯಿಗೆ ಹಾಕಿಕೊಂಡು ಕಾಯಿಲೆ ಬೀಳುತ್ತಿದ್ದರು ಅಂತಲೇ ಅಮೆರಿಕದಲ್ಲಿ 1975ರಲ್ಲಿ ನಾಲ್ಕು ಇಂಚಿಗಿಂತ ಚಿಕ್ಕ ಆಮೆಗಳ ಮಾರಾಟ ನಿಷೇಧಿಸಿದರು. ನಮ್ಮಲ್ಲಿ ಗಿಫ್ಟ್ ಕೊಡೋದೇ ಆ ಸೈಜಿನವನ್ನು. ಹಾಗಾಗಿ ಆಮೆ ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೀರಿ. ಅದರ ಬಕೆಟ್, ಮಗ್ ಬೇರೆ ಇರಲಿ. ಅಡುಗೆಮನೆ ಸಿಂಕಿನ ಹತ್ತಿರ ಯಾವುದೂ ಹೋಗಬಾರದು. ಮನೆಯಲ್ಲಿ ಐದು ವರ್ಷಕ್ಕಿಂತ ಚಿಕ್ಕ ಮಕ್ಕಳಿದ್ದರೆ ಆಮೆ ತರಲೇಬೇಡಿ.

“ಕೆರೆಗೆ ಬಿಟ್ಬಿಡು, ಪುಣ್ಯ ಬರುತ್ತೆ”

ಟ್ಯಾಂಕು, ಫಿಲ್ಟರ್, ಲೈಟು, ಡಾಕ್ಟರ್ ಫೀಸು ಸೇರಿ ನನಗೆ ಸುಮಾರು 32 ಸಾವಿರ ಖರ್ಚಾಯ್ತು. ಹಾಸನದಿಂದ ಬಂದ ಅಮ್ಮ ಲೆಕ್ಕ ಕೇಳಿ ತಲೆ ಮೇಲೆ ಕೈ ಇಟ್ಕೊಂಡರು. “ಲೋ, ಆಮೆ ವಿಷ್ಣುವಿನ ಅವತಾರ ಕಣೋ. ಗಾಜಿನ ಪೆಟ್ಟಿಗೇಲಿ ಇಡಬಾರದು. ನಮ್ಮೂರ ಕೆರೆಗೆ ಬಿಟ್ಬಿಡು, ಪುಣ್ಯ ಬರುತ್ತೆ.”

ಸುಳ್ಳು ಹೇಳಲ್ಲ, ಆ ಕ್ಷಣ ಆಸೆಯಾಯ್ತು. ಒಂದು ಸಂಜೆಯಲ್ಲಿ ಎಲ್ಲ ಮುಗಿಯುತ್ತೆ, ಮೇಲೆ ಪುಣ್ಯ ಬೇರೆ.

ಆದರೆ ಸ್ಲೈಡರ್ ನಮ್ಮ ಕೆರೆಯದ್ದಲ್ಲ. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ತಜ್ಞರು ಗುರುತಿಸಿದ ಜಗತ್ತಿನ 100 ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಇದೂ ಇದೆ. ಸಾಕಿ ಬೇಜಾರಾದವರು ಕೆರೆಗೆ ಬಿಟ್ಟೂ ಬಿಟ್ಟೂ ಎಷ್ಟೋ ದೇಶಗಳಿಗೆ ಹಬ್ಬಿದೆ. ಅಲ್ಲಿನ ಆಮೆಗಳ ಊಟಕ್ಕೂ, ಬಿಸಿಲು ಕಾಯಿಸುವ ಜಾಗಕ್ಕೂ ಪೈಪೋಟಿ ಕೊಡುತ್ತೆ, ಕಾಯಿಲೆ ಹರಡುತ್ತೆ. ಪಕ್ಕದ ಕೇರಳದ ಕಾಲುವೆಗಳಲ್ಲೂ ಸಿಕ್ಕಿದೆ. ನಾನು ಬಿಡೋದು ಒಂದೇ ಒಂದು ಆಮೆ ಅಂತ ಬಿಟ್ಟವರೆಲ್ಲ ಅಂದ್ಕೊಂಡಿರ್ತಾರೆ.

ಇನ್ನು ಕೆಲವರು, “ಹಾಗಾದ್ರೆ ನಮ್ಮ ದೇಶದ ಆಮೇನೇ ಸಾಕ್ತೀವಿ” ಅಂತಾರೆ. ಅದಕ್ಕೂ ದಾರಿಯಿಲ್ಲ. ನಕ್ಷತ್ರ ಆಮೆ, ನಮ್ಮ ಕೆರೆ-ಗದ್ದೆಗಳಲ್ಲಿ ಕಾಣುವ ಮೆತ್ತನೆ ಚಿಪ್ಪಿನ ಆಮೆ, ಇವೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ರಕ್ಷಿತ. ಮನೆಯಲ್ಲಿಡೋದು ಅಪರಾಧ. ಯಾರಾದರೂ ಗುಟ್ಟಾಗಿ ಮಾರೋಕೆ ಬಂದರೆ ಅರಣ್ಯ ಇಲಾಖೆಗೆ ತಿಳಿಸಿ.

ಅಮ್ಮನಿಗೆ ಇದನ್ನೆಲ್ಲ ಹೇಳಿದೆ. “ಹಂಗಾದ್ರೆ ಇದನ್ನ ತಂದೋರಿಗೆ ಪಾಪ ಬಿಡು” ಅಂದು ಸುಮ್ಮನಾದರು.

ಬೋಂಡ ಹೆಣ್ಣು

ಹೋದ ವರ್ಷ ಬೋಂಡ ಮತ್ತೆ ಊಟ ಬಿಟ್ಟಿತು. ಹಗಲೆಲ್ಲ ಜಗಲಿ ಮೇಲೆ ಹಿಂಗಾಲಿನಲ್ಲಿ ಕೆರೆಯುತ್ತಿತ್ತು. ಮತ್ತೆ ಏನು ತಪ್ಪು ಮಾಡಿದೆನೋ ಅಂತ ಗಾಬರಿಯಿಂದ ಅದೇ ಡಾಕ್ಟರ್ ಹತ್ತಿರ ಓಡಿದೆ. ಎಕ್ಸ್‌ರೇ ತೋರಿಸಿ ನಕ್ಕರು. ಹೊಟ್ಟೆಯಲ್ಲಿ ಆರು ಮೊಟ್ಟೆ!

ಗಂಡು ಇಲ್ಲದಿದ್ದರೂ ಹೆಣ್ಣಾಮೆ ಮೊಟ್ಟೆ ಇಡುತ್ತೆ, ಮರಿಯಾಗಲ್ಲ ಅಷ್ಟೇ. ಆದರೆ ಅಗೆದು ಇಡೋಕೆ ಮಣ್ಣು ಸಿಗದಿದ್ದರೆ ಮೊಟ್ಟೆ ಒಳಗೇ ಉಳಿದು ಪ್ರಾಣಕ್ಕೇ ಅಪಾಯ. ಅವತ್ತು ರಾತ್ರಿ ದೊಡ್ಡ ಟಬ್‌ಗೆ ಒಂದಡಿ ಒದ್ದೆ ಮಣ್ಣು, ಮರಳು ತುಂಬಿ, ಬಾತ್‌ರೂಮಿನಲ್ಲಿಟ್ಟು ಬಾಗಿಲು ಹಾಕಿದೆ. ಬೆಳಗ್ಗೆ ನೋಡಿದರೆ ಮಣ್ಣು ಅಚ್ಚುಕಟ್ಟಾಗಿ ಮುಚ್ಚಿತ್ತು. ಕೆಳಗೆ ಆರೂ ಇದ್ದವು.

ಅವತ್ತಿನಿಂದ ಬೋಂಡ ‘ಅದು’ ಅಲ್ಲ, ‘ಅವಳು’.

ಫ್ರಿಡ್ಜ್ ಮೇಲಿನ ಹಾಳೆ

ಈ ವರ್ಷ ನನಗೂ ಆನ್‌ಸೈಟ್ ಬಂತು, ಮೂರು ತಿಂಗಳು. ಮ್ಯಾನೇಜರ್ ಹೇಳುತ್ತಿದ್ದಾಗ ನನ್ನ ಬಾಯಿಗೆ ಬಂದ ಮೊದಲ ಮಾತು ಯಾವುದು ಗೊತ್ತಾ? ಯಾರಿಗಾದರೂ “ಎರಡೇ ವಾರ ನೋಡ್ಕೋ” ಅಂತ ಹೇಳೋದು. ಐದು ವರ್ಷದಿಂದ ರೂಮ್‌ಮೇಟ್ ಮೇಲಿದ್ದ ಸಿಟ್ಟು ಅವತ್ತು ಇಳಿಯಿತು. ಅವನು ಕೆಟ್ಟವನಲ್ಲ. ಗಿಫ್ಟ್ ಕೊಟ್ಟವರು ಯಾರೂ ಅವನನ್ನು 30 ವರ್ಷದ ಬಗ್ಗೆ ಕೇಳಿರಲಿಲ್ಲ, ಅಷ್ಟೇ.

ಆಮೆ ತರಬೇಕು ಅಂತಿದ್ದರೆ ನಾನು ಬೇಡ ಅಂತಲೇ ಹೇಳ್ತೀನಿ. ಗಿಫ್ಟಾಗಿಯಂತೂ ಬೇಡವೇ ಬೇಡ. ಈಗಾಗಲೇ ಮನೆಯಲ್ಲಿದ್ದರೆ ಇವತ್ತೇ ಅದರ ಚಿಪ್ಪಿನ ಅಂಚನ್ನು ಮೆಲ್ಲಗೆ ಮುಟ್ಟಿ ನೋಡಿ. ಒಂದು ಯುವಿಬಿ ಟ್ಯೂಬು ಆರ್ಡರ್ ಮಾಡಿ. ಆಮೇಲೆ, ನೀವಿಲ್ಲದಾಗ ಯಾರು ನೋಡ್ಕೋತಾರೆ ಅನ್ನೋದನ್ನೂ ಡಿಸೈನಿನಲ್ಲಿ ಸೇರಿಸಿ. ನಾನು ಟ್ಯಾಂಕು, ಲೈಟು ಎಲ್ಲ ಯೋಚಿಸಿ ಅದನ್ನೇ ಮರೆತಿದ್ದೆ.

ಕೊನೆಗೆ ಒಪ್ಪಿಕೊಂಡದ್ದು ಅಮ್ಮ. ನಾನು ಒಂದು ಹಾಳೆಯಲ್ಲಿ ದೊಡ್ಡ ಅಕ್ಷರದಲ್ಲಿ ಎಲ್ಲ ಬರೆದು ಫ್ರಿಡ್ಜ್‌ಗೆ ಅಂಟಿಸಿ ಹೋದೆ: ಎಷ್ಟು ಪೆಲೆಟ್, ಯಾವ ಸ್ವಿಚ್, ಯಾವ ಬಕೆಟ್, ಡಾಕ್ಟರ್ ನಂಬರ್, ಸೋಪು ಹಾಕಿ ಕೈ ತೊಳೀಬೇಕು.

ಎರಡನೇ ವಾರ ವಿಡಿಯೋ ಕಾಲ್‌ನಲ್ಲಿ ಅಮ್ಮ ನನ್ನ ಮುಖ ಸರಿಯಾಗಿ ನೋಡಲೂ ಇಲ್ಲ. ಕ್ಯಾಮೆರಾ ತಿರುಗಿಸಿ ಜಗಲಿ ತೋರಿಸಿದರು. ಬೋಂಡ ನಾಲ್ಕೂ ಕಾಲು ಚಾಚಿ, ಕತ್ತು ನೀಡಿ, ಲೈಟಿನ ಕೆಳಗೆ ಕಣ್ಣು ಮುಚ್ಚಿ ಮಲಗಿದ್ದಳು.

“ಬೆಳಗ್ಗೆ ದಾಸವಾಳ ತಿಂದ್ಲು ಕಣೋ. ದೇವರಿಗೆ ಅಂತ ಎರಡು ಇಟ್ಕೊಂಡಿದ್ದೆ, ಒಂದು ಇವಳಿಗೆ ಹಾಕ್ದೆ” ಅಂದರು ಅಮ್ಮ.